ದಿಂಬಂ ಘಟ್ಟದಲ್ಲಿ ಬಿಗಿದು ಕುಳಿತ ಫಿಲ್ಟರು

ಬಯಲಿನಲ್ಲಿ ಚೆನ್ನಾಗಿ ಓಡುವ ಗಾಡಿಯನ್ನು ಕಂಡು, ಅದರಲ್ಲಿ ಯಾವ ದೋಷವೂ ಇಲ್ಲವೆಂದು ನಾವು ನಂಬಿಬಿಡುತ್ತೇವೆ. ಆದರೆ ಗಾಡಿಯ ನಿಜವಾದ ಗುಣ ಗೊತ್ತಾಗುವುದು ಏರಿನಲ್ಲಿ. ಈ ಪಾಠವನ್ನು ನಮಗೆ ಕಲಿಸಿದ್ದು ದಿಂಬಂ ಘಟ್ಟ. ಪಾಠ ಹೇಳಿದವರು ಒಂದು ಕಣ್ಣಿಗೆ ಆಗಷ್ಟೇ ಪೊರೆಯ ಶಸ್ತ್ರಚಿಕಿತ್ಸೆಯಾಗಿ, ಕಪ್ಪು ಕನ್ನಡಕ ಹಾಕಿಕೊಂಡು ಕುಳಿತಿದ್ದ ಒಬ್ಬ ಹಳೆಯ ಲಾರಿ ಚಾಲಕರು.

ತಾಳವಾಡಿ ಸೀಮೆಯನ್ನು ಕಾಣದ ಓದುಗರಿಗಾಗಿ ಮೊದಲು ದಾರಿಯ ವಿಷಯ ಒಂದಿಷ್ಟು ಹೇಳಬೇಕು.

ಘಟ್ಟದ ಮೇಲಿನ ಕನ್ನಡ

ತಾಳವಾಡಿ ಇರುವುದು ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿ. ಮನೆಯ ಮಾತು, ಸಂತೆಯ ಮಾತು, ಜಗಳದ ಮಾತು ಮಾತ್ರ ಕನ್ನಡ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ಸೀಮೆ ಮದರಾಸು ರಾಜ್ಯದಲ್ಲೇ ಉಳಿಯಿತು. 1979ರಲ್ಲಿ ಕೊಯಮತ್ತೂರು ಜಿಲ್ಲೆ ಒಡೆದು ಹೊಸ ಜಿಲ್ಲೆಯಾದಾಗ ಅದರೊಂದಿಗೆ ಹೋಯಿತು. ವರನಟ ಡಾ. ರಾಜ್‌ಕುಮಾರ್ ಅವರ ಗಾಜನೂರು ಇಲ್ಲಿಯೇ ಇದೆ. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಅಪಹರಿಸಿದ್ದು ಇಲ್ಲಿಂದಲೇ. ಆ ದಿನಗಳಲ್ಲಿ ನಮ್ಮ ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಅವರು ನವೆಂಬರಿನಲ್ಲಿ ಬಿಡುಗಡೆಯಾಗಿ ಬಂದ ಮೇಲೆ ದೇಶ ನಮ್ಮನ್ನು ಮರೆಯಿತು. ನಾವು ನಮ್ಮ ಕೋಸು, ಈರುಳ್ಳಿ, ಅರಿಶಿನ, ಕಬ್ಬಿನ ಬೇಸಾಯಕ್ಕೆ ಮರಳಿದೆವು.

ನಮಗೆ ಚಾಮರಾಜನಗರ ಹತ್ತಿರ, ದಾರಿಯೂ ಸಮ. ಆದರೆ ಕಚೇರಿ ಕೆಲಸ, ಕೋರ್ಟು, ದೊಡ್ಡ ಆಸ್ಪತ್ರೆ ಎಂದರೆ ಬಹಳ ಸಲ ಕೆಳಗಿನ ಬಯಲಿಗೇ ಇಳಿಯಬೇಕು. ಅದಕ್ಕೆ ಇರುವ ಮುಖ್ಯ ದಾರಿ ದಿಂಬಂ ಘಟ್ಟ. ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿರುವ ದಿಂಬಂನಿಂದ ಬಣ್ಣಾರಿಯ ತನಕ 27 ಕಡಿದಾದ ತಿರುವುಗಳು. ಸುತ್ತಲೂ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಸತ್ಯಮಂಗಲದ ಕಾಡು. ಮೇಲೆ ಹಾಸನೂರಿನ ಕಡೆ ಕಬ್ಬಿನ ಲಾರಿಗಳನ್ನು ಕಾದು ನಿಲ್ಲುವ ಆನೆಗಳು ಈಗ ಎಲ್ಲರಿಗೂ ಪರಿಚಿತ. 2022ರ ಫೆಬ್ರವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿತು. ಅಲ್ಲಿಂದ ಈಚೆಗೆ ಬಯಲಿಗೆ ಇಳಿದವರೆಲ್ಲ ಗಡಿಯಾರ ನೋಡುತ್ತಲೇ ಇರುತ್ತಾರೆ. ಕತ್ತಲಾಗುವ ಮುನ್ನ ಘಟ್ಟ ಹತ್ತಿಬಿಡಬೇಕು ಎಂಬುದು ಎಲ್ಲರ ಲೆಕ್ಕ.

ಎಂಟನೆಯ ತಿರುವು

2023ರ ನವೆಂಬರ್ ತಿಂಗಳ ಒಂದು ಸಂಜೆ. ನಮ್ಮ ಕಡೆಯ ನಾಲ್ವರು ಹಿರಿಯರಿಗೆ ಬಯಲಿನ ಕಣ್ಣಾಸ್ಪತ್ರೆಯೊಂದರಲ್ಲಿ ಹಿಂದಿನ ದಿನ ಪೊರೆ ತೆಗೆದಿದ್ದರು. ಆ ದಿನ ಬೆಳಿಗ್ಗೆ ಕಟ್ಟು ಬಿಚ್ಚಿ, ಕಪ್ಪು ಕನ್ನಡಕ ಕೊಟ್ಟು, ಮನೆಗೆ ಹೋಗಬಹುದೆಂದರು. ಎರಡು ಗಂಟೆಗೊಮ್ಮೆ ಕಣ್ಣಿಗೆ ಮದ್ದಿನ ಹನಿ ಹಾಕಬೇಕು. ಬಗ್ಗಬಾರದು, ಭಾರ ಎತ್ತಬಾರದು. ಧೂಳು, ಕೊಳಕು ಕೈ ಕಣ್ಣಿಗೆ ತಾಗಬಾರದು. ಇದು ಅವರು ಹೇಳಿಕಳಿಸಿದ ಕಟ್ಟಳೆ. ಒಬ್ಬ ಅಜ್ಜಿ, ವಯಸ್ಸಾದ ಗಂಡ ಹೆಂಡತಿ, ಆ ಲಾರಿ ಚಾಲಕ ತಾತ. ಜೊತೆಗೆ ನರ್ಸಿಂಗ್ ಓದುತ್ತಿದ್ದ ನಮ್ಮೂರ ಹುಡುಗಿ, ಗಾಡಿ ಓಡಿಸುವ ಹುಡುಗ ಮತ್ತು ನಾವು. ಗಾಡಿ ಧರ್ಮಕೇಂದ್ರದ ಹಳೆಯ ಡೀಸೆಲ್ ಜೀಪು.

ಸತ್ಯಮಂಗಲದಿಂದ ಬಣ್ಣಾರಿಯವರೆಗೆ ಜೀಪು ಕುದುರೆಯಂತೆ ಓಡಿತು. ಚೆಕ್‌ಪೋಸ್ಟ್ ದಾಟಿ ಏರು ಹಿಡಿದೆವು. ಮೂರನೆಯ ತಿರುವಿನಲ್ಲಿ ಎಳೆತ ಕಡಿಮೆಯಾಯಿತು. ಐದನೆಯದರಲ್ಲಿ ಕೆಮ್ಮತೊಡಗಿತು. ಅಜ್ಜಿ ಕಣ್ಣು ಮುಚ್ಚಿಕೊಂಡೇ, ಮೈ ಎಡಬಲಕ್ಕೆ ವಾಲುವುದರ ಮೇಲೆ ತಿರುವುಗಳನ್ನು ಎಣಿಸುತ್ತಿದ್ದರು. "ಎಂಟಾಯ್ತು, ಇನ್ನು ಹತ್ತೊಂಬತ್ತು" ಎಂದು ಅವರು ಹೇಳುವುದಕ್ಕೂ ಎಂಜಿನ್ ನಿಲ್ಲುವುದಕ್ಕೂ ಸರಿಹೋಯಿತು.

ಹುಡುಗ ಹತ್ತು ನಿಮಿಷ ಬಿಟ್ಟು ಚಾವಿ ತಿರುಗಿಸಿದ. ಗಾಡಿ ಹೊರಟಿತು! ನಮಗೆ ಸಂತೋಷವೋ ಸಂತೋಷ. ಇನ್ನೂರು ಗಜ ಹೋಗಿ ಮತ್ತೆ ನಿಂತಿತು.

ಮುಂದಿನ ಸೀಟಿನಲ್ಲಿದ್ದ ತಾತ ಆಗ ಮೊದಲ ಸಲ ಬಾಯಿ ಬಿಟ್ಟರು. "ಸ್ವಾಮ್ಯಾರೇ, ಇದಕ್ಕೆ ಕಾಯ್ಲೆ ಏನಿಲ್ಲ. ಡೀಸಲ್ ಸಿಗ್ದೆ ಉಸ್ರು ಕಟ್ತಾ ಅದೆ ಕನಿ. ಫಿಲ್ಟ್ರು ಕಟ್ಕಂಡದೆ."

ಅವರು ಈ ಘಟ್ಟದಲ್ಲಿ ಈರುಳ್ಳಿ, ಕೋಸಿನ ಲೋಡು ಇಳಿಸುತ್ತ ಬಾಳೆಲ್ಲ ಕಳೆದವರು. ಬಾನೆಟ್ ತೆರೆದು ನೋಡದೆಯೇ ಹೇಳಿದ ಅವರ ಮಾತಿನಲ್ಲಿದ್ದ ತರ್ಕ ಇದು. ಸಮ ದಾರಿಯಲ್ಲಿ ಎಂಜಿನ್ನಿಗೆ ಬೇಕಾಗುವ ಡೀಸೆಲ್ ಸ್ವಲ್ಪ. ಅರ್ಧ ಕಟ್ಟಿಕೊಂಡ ಫಿಲ್ಟರು ಕೂಡ ಅಷ್ಟನ್ನು ಕೊಡುತ್ತದೆ. ಏರಿನಲ್ಲಿ, ಭಾರ ಹೊತ್ತಾಗ ಅದರ ಎಷ್ಟೋ ಪಟ್ಟು ಬೇಕು. ಅಷ್ಟು ಕೊಡಲಾರದೆ ಗಾಡಿ ಸಾಯುತ್ತದೆ. ಸ್ವಲ್ಪ ಹೊತ್ತು ನಿಂತರೆ ಡೀಸೆಲ್ ನಿಧಾನವಾಗಿ ಜಿನುಗಿ ತುಂಬಿಕೊಳ್ಳುತ್ತದೆ, ಗಾಡಿ ಮತ್ತೆ ಹೊರಡುತ್ತದೆ, ಮತ್ತೆ ನಿಲ್ಲುತ್ತದೆ. "ನನ್ ಕಣ್ಣಿಗೆ ಬಂದಿದ್ದ ಪೊರೆ ನಿಮ್ ಜೀಪಿಗೂ ಬಂದದೆ" ಎಂದು ನಕ್ಕರು.

ನಮಗೆ ನಗು ಬರಲಿಲ್ಲ. ಏಕೆಂದರೆ ಹೊಸ ಫಿಲ್ಟರು ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ನಾಲ್ಕು ತಿಂಗಳಿಂದ ಮಲಗಿತ್ತು. ಮುಂದಿನ ವಾರ ಹಾಕೋಣ ಎಂದು ಇಟ್ಟದ್ದು.

ಒಬ್ಬರ ಕೈ ಶುದ್ಧವಾಗಿರಲಿ

ತಾತ ಬಗ್ಗುವಂತಿಲ್ಲ, ಡೀಸೆಲ್ ಮುಟ್ಟುವಂತಿಲ್ಲ. ಎತ್ತಿದ ಬಾನೆಟ್ ಅಡ್ಡ ಬಂದು ಅವರಿಗೆ ಎಂಜಿನ್ ಕಾಣುವಂತೆಯೂ ಇಲ್ಲ. ಕುಳಿತಲ್ಲಿಂದಲೇ ಅಪ್ಪಣೆ ಕೊಡಲು ಆರಂಭಿಸಿದರು.

ಮೊದಲು, ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು. ಗೇರಿನಲ್ಲಿ ನಿಲ್ಲಿಸಿ, ಕೈಬ್ರೇಕ್ ಎಳೆದು, ಆಮೇಲೂ ಕಲ್ಲು. ಎರಡನೆಯದು, ಹಿಂದಿನ ತಿರುವಿನಲ್ಲಿ ಬರುವವರಿಗೆ ಕಾಣುವಂತೆ ಗಿಡದ ಒಂದು ಒಣ ಕೊಂಬೆ. ಮೂರನೆಯದನ್ನು ನಾವು ನಿರೀಕ್ಷಿಸಿರಲಿಲ್ಲ. "ಮಗಾ, ನೀನು ಏನೂ ಮುಟ್ಬೇಡ. ಆರು ಗಂಟೆಗೆ ನಮ್ಮೆಲ್ರಿಗೂ ಮದ್ದು ಬುಡ್ಬೇಕು. ಎಲ್ರ ಕೈಯೂ ಡೀಸಲ್ ಆದ್ರೆ ಕಣ್ಣು ಮುಟ್ಟೋರು ಯಾರು?" ಎಂದು ನರ್ಸಿಂಗ್ ಹುಡುಗಿಗೆ ಹೇಳಿದರು. ಹೌದಲ್ಲ! ನಾವೆಲ್ಲ ಒಟ್ಟಿಗೆ ಎಂಜಿನ್ನಿಗೆ ಕೈ ಹಾಕಿದ್ದರೆ, ಆ ಕಾಡಿನಲ್ಲಿ ಕೈ ತೊಳೆಯಲು ಸೋಪೂ ಇಲ್ಲ, ಸಾಕಷ್ಟು ನೀರೂ ಇಲ್ಲ. ನಾಲ್ಕು ಹೊಸ ಕಣ್ಣುಗಳ ಗತಿ ಏನಾಗುತ್ತಿತ್ತು!

ಬಳಿಕ ಫಿಲ್ಟರಿನ ಬುಡದಲ್ಲಿರುವ ನೀರು ಬಿಡುವ ತಿರುಪನ್ನು ಸಡಿಲಿಸಿ, ಕತ್ತರಿಸಿದ ಬಾಟಲಿಯಲ್ಲಿ ಹಿಡಿಯಲು ಹೇಳಿದರು. ಹಿಡಿದು ಬೆಳಕಿಗೆ ಒಡ್ಡಿದೆವು. ಮೇಲೆ ಡೀಸೆಲ್, ಕೆಳಗೆ ಎರಡು ಬೆರಳಷ್ಟು ಕಂದು ನೀರು, ನಡುವೆ ಲೋಳೆಯಂತಹ ಕರಿ ಪದರ. ಡೀಸೆಲಿಗಿಂತ ನೀರು ಭಾರ, ಆದ್ದರಿಂದ ತಳಕ್ಕೆ ಇಳಿಯುತ್ತದೆ. ನೀರೂ ಡೀಸೆಲೂ ಸೇರುವ ಆ ಗೆರೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳು ಬೆಳೆದು ಈ ಲೋಳೆಯಾಗುತ್ತದೆ. ಅದು ಫಿಲ್ಟರಿನ ಕಾಗದಕ್ಕೆ ಮೆತ್ತಿಕೊಂಡರೆ ಡೀಸೆಲ್ ದಾಟುವುದು ಹೇಗೆ?

"ಎಲ್ಲಿಂದ ಬಂತು ಈ ನೀರು?" ಎಂದು ತಾತ ಕೇಳಿದರು. ಹೇಳಬೇಕಾಯಿತು. ಹಬ್ಬದ ಜನರೇಟರಿಗೆಂದು ತಂದು ಉಳಿದ ಡೀಸೆಲ್ ಒಂದು ಮಳೆಗಾಲ ಪೂರ್ತಿ ತುಕ್ಕು ಹಿಡಿದ ಡ್ರಮ್ಮಿನಲ್ಲಿತ್ತು. ಹಾಳಾಗಬಾರದೆಂದು ಪಂಚೆಯಲ್ಲಿ ಸೋಸಿ ಜೀಪಿಗೆ ಹಾಕಿಸಿದವರು ನಾವೇ. ಬಟ್ಟೆ ಕಸವನ್ನು ತಡೆದೀತು, ನೀರನ್ನು ಪೂರ್ತಿ ತಡೆಯುವುದಿಲ್ಲ. ಮುನ್ನೂರು ರೂಪಾಯಿ ಉಳಿಸಲು ಹೋಗಿ ಏಳು ಜನರನ್ನು ಕಾಡಿನಲ್ಲಿ ನಿಲ್ಲಿಸಿದ್ದೆವು.

ತಿರುಗದ ಡಬ್ಬಿ

ನೀರು ಬಿಟ್ಟ ಮೇಲೂ ಗಾಡಿ ಹೊರಡಲಿಲ್ಲ. ಫಿಲ್ಟರು ಬದಲಿಸಲೇಬೇಕಾಯಿತು.

ನಮ್ಮ ಜೀಪಿನದು ಡಬ್ಬಿಯಾಕಾರದ ಫಿಲ್ಟರು. ಮೇಲಿರುವ ಕಬ್ಬಿಣದ ತಲೆಗೆ ಕೆಳಗಿನಿಂದ ತಿರುಗಿಸಿ ಕೂರಿಸುವಂಥದ್ದು. ಹುಡುಗ ತಿರುಗಿಸಿದ, ಅಲುಗಲಿಲ್ಲ. ನಾವು ತಿರುಗಿಸಿದೆವು, ಅಲುಗಲಿಲ್ಲ. ಡೀಸೆಲ್ ಹತ್ತಿದ ಕೈ ಜಾರುತ್ತದೆ. ಟವೆಲ್ ಸುತ್ತಿ ಇಬ್ಬರೂ ಸೇರಿ ಬಲ ಹಾಕಿದೆವು. ಬೆವರು ಇಳಿಯಿತೇ ಹೊರತು ಡಬ್ಬಿ ಕದಲಲಿಲ್ಲ.

"ಯಾವ ಕಡೀಕೆ ತಿರುಗಿಸ್ತಾ ಇದೀರಿ?"

"ಎಡಕ್ಕೆ."

"ಮ್ಯಾಲಿಂದ ನೋಡ್ಕಂಡು ಎಡಕ್ಕೋ, ಕ್ಯಳಗಿಂದ ನೋಡ್ಕಂಡು ಎಡಕ್ಕೋ?"

ನಾವು ಹುಡುಗನ ಮುಖ ನೋಡಿದೆವು, ಹುಡುಗ ನಮ್ಮ ಮುಖ ನೋಡಿದ. ಡಬ್ಬಿ ತಲೆಕೆಳಗಾಗಿ ನೇತಾಡುವ ವಸ್ತು. ಕೆಳಗಿನಿಂದ ನೋಡಿದಾಗ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ನಾವು ಬಾನೆಟ್ಟಿನ ಮೇಲಿನಿಂದ ಬಗ್ಗಿ ನೋಡುತ್ತಿದ್ದುದರಿಂದ ಅದು ಬಲಕ್ಕೆ ಆಗಬೇಕಿತ್ತು. ಅಷ್ಟು ಹೊತ್ತು ಬೆವರು ಸುರಿಸಿ ಅದನ್ನು ಇನ್ನಷ್ಟು ಬಿಗಿ ಮಾಡಿದ್ದೆವು! ಗುರುಮಠದಲ್ಲಿ ತತ್ವಶಾಸ್ತ್ರ ಓದಿದ ನಮಗೆ ಎಡ ಬಲ ಹೇಳಿಕೊಡಲು ಕಣ್ಣು ಸರಿಯಾಗಿ ಕಾಣದ ತಾತನೇ ಬೇಕಾಯಿತು.

ಸರಿಯಾದ ದಿಕ್ಕಿಗೆ ತಿರುಗಿಸಿದರೂ ಅದು ಬಗ್ಗಲಿಲ್ಲ. "ಹೋದ ಸಲ ಇದನ್ನ ಬಿಗಿದೋರು ಯಾರು? ಯಾವನೋ ಪಾನದಲ್ಲಿ ಜಗ್ಗವ್ನೆ" ಎಂದರು ತಾತ. ಯಾವುದೋ ಮೆಕ್ಯಾನಿಕ್ ಎಂದು ಹೇಳಿಬಿಡುವ ಆಸೆ ಒಂದು ಕ್ಷಣ ಬಂದದ್ದು ನಿಜ. "ನಾವೇ ಬಿಗಿದದ್ದು. ಸೋರೀತು ಎಂಬ ಭಯಕ್ಕೆ" ಎಂದೆವು. ತಾತ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಯದಲ್ಲಿ ಬಿಗ್ದಿದ್ದು ಬಿಚ್ಚೋದು ಕಷ್ಟ" ಎಂದಷ್ಟೇ ಹೇಳಿದರು.

ಹುಡುಗನಿಗೆ ತಾಳ್ಮೆ ತಪ್ಪಿತು. ಸ್ಕ್ರೂಡ್ರೈವರನ್ನು ಡಬ್ಬಿಯ ಹೊಟ್ಟೆಗೆ ಬಡಿದು ತೂರಿಸಿ, ಅದನ್ನೇ ಹಿಡಿಯಾಗಿ ಮಾಡಿ ತಿರುಗಿಸುತ್ತೇನೆಂದ. ಕೆಲವರು ಹಾಗೆ ಮಾಡುವುದುಂಟು. ತಾತ ಗದರಿದರು. ತಗಡು ಹರಿದು, ಮೇಲಿನ ಬಳೆ ಮಾತ್ರ ಅಲ್ಲೇ ಉಳಿದರೆ ಏನು ಮಾಡುವುದು? ಈಗ ಗಾಡಿ ಕೆಮ್ಮುತ್ತಲಾದರೂ ಇನ್ನೂರು ಗಜ ಹೋಗುತ್ತದೆ, ಆಗ ಒಂದು ಗಜವೂ ಹೋಗದು. ಬೇರೆ ದಾರಿಯೆಲ್ಲ ಮುಗಿದ ಮೇಲೆ, ಅದೂ ಊರಿನಲ್ಲಿ ಮಾಡುವ ಕೆಲಸ ಅದು.

ಅಷ್ಟರಲ್ಲಿ ಮೇಲಿನಿಂದ ಇಳಿಯುತ್ತಿದ್ದ ಲಾರಿಯೊಂದು ನಿಂತಿತು. "ಎನ್ನ ಸಾಮಿ, ಎನ್ನಾಚ್ಚು?" ಎನ್ನುತ್ತ ಚಾಲಕ ಇಳಿದು ಬಂದ. ಬಾಯಲ್ಲಿ ಬೀಡಿ. ತಾತ ಒಳಗಿನಿಂದಲೇ ತಮಿಳಿನಲ್ಲಿ ಕೂಗಿ ಮೊದಲು ಅದನ್ನು ಆರಿಸಿದರು. ಆಮೇಲೆ ಹಗ್ಗ ಕೇಳಿದರು. ಲೋಡು ಕಟ್ಟುವ ಹಗ್ಗದ ಒಂದು ತುಂಡು ಬಂತು. ಅದನ್ನು ಡಬ್ಬಿಗೆ ಮೂರು ಸುತ್ತು ಸುತ್ತಿ, ತುದಿಗಳನ್ನು ಗಂಟು ಹಾಕಿ, ಗಂಟಿನೊಳಗೆ ಸ್ಪ್ಯಾನರ್ ತೂರಿಸಿ ಹುರಿಗೊಳಿಸಿದೆವು. ಹಗ್ಗ ಡಬ್ಬಿಯನ್ನು ಗಟ್ಟಿಯಾಗಿ ಕಚ್ಚಿತು. ಮರದ ತುಂಡಿನಿಂದ ಡಬ್ಬಿಯ ಮೇಲಂಚಿಗೆ ಸುತ್ತಲೂ ಮೆಲ್ಲಗೆ ತಟ್ಟಿದೆವು. ಈಗ ಸ್ಪ್ಯಾನರನ್ನೇ ಹಿಡಿಯಾಗಿ ಮಾಡಿ, ಜಗ್ಗದೆ, ಒಂದೇ ಸಮನೆ ಒತ್ತಡ ಹಾಕಲು ತಾತ ಹೇಳಿದರು.

ಕಿರ್ ಎಂದಿತು. ಅಷ್ಟು ಸಣ್ಣ ಸದ್ದಿಗೆ ಏಳೂ ಜನ ಒಟ್ಟಿಗೆ ಉಸಿರು ಬಿಟ್ಟೆವು. ಲಾರಿಯವನು ಚಪ್ಪಾಳೆ ತಟ್ಟಿದ.

ಅದೇ ಹೊತ್ತಿಗೆ ಆರು ಗಂಟೆಯಾಗಿತ್ತು. ಹುಡುಗಿ ಎಂಜಿನ್ ಕಡೆ ತಿರುಗಿಯೂ ನೋಡದೆ, ಮೊಬೈಲ್ ಬೆಳಕಿನಲ್ಲಿ ನಾಲ್ವರ ಕಣ್ಣಿಗೂ ಸರದಿಯಂತೆ ಹನಿ ಹಾಕಿದಳು.

ಕೈಬಿಗಿ ಸಾಕು

ಇನ್ನೇನು ಹೊಸದನ್ನು ಹಾಕುವುದೇ ಎಂದುಕೊಂಡೆವು. ತಾತ ಕೇಳಿದರು: "ಹಳೇ ರಬ್ಬರ್ ಬಂತಾ?" ಬಿಚ್ಚಿದ ಡಬ್ಬಿ ನೋಡಿದರೆ ರಬ್ಬರ್ ಉಂಗುರವೇ ಇಲ್ಲ! ತಲೆಯ ಭಾಗಕ್ಕೆ ಬೆರಳಾಡಿಸಿದಾಗ ಅಲ್ಲೇ ಅಂಟಿಕೊಂಡಿತ್ತು. ಅದರ ಮೇಲೆಯೇ ಹೊಸ ರಬ್ಬರ್ ಕೂರಿಸಿದ್ದರೆ ಎರಡು ರಬ್ಬರಿನ ನಡುವೆ ಗಾಳಿ ಎಳೆದುಕೊಳ್ಳುತ್ತಿತ್ತು, ಡೀಸೆಲ್ ಸೋರುತ್ತಿತ್ತು. ಕತ್ತಲಲ್ಲಿ ಕಾರಣ ಹುಡುಕಿ ಸಾಕಾಗುತ್ತಿತ್ತು. ಉಗುರಿನಿಂದ ಎಬ್ಬಿಸಿ ತೆಗೆದು, ಒಣ ಬಟ್ಟೆಯಿಂದ ಒರೆಸಿದೆವು.

ಹೊಸ ಫಿಲ್ಟರಿನ ರಬ್ಬರಿಗೆ ಬೆರಳಿನಿಂದ ಡೀಸೆಲ್ ಸವರಬೇಕು. ಒಣ ರಬ್ಬರ್ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತದೆ. ಮುಂದಿನ ಸಲ ಬಿಚ್ಚಲು ಒದ್ದಾಡಿಸುವುದೂ ಅದೇ. ಕೈಯಿಂದಲೇ ತಿರುಗಿಸುತ್ತ ಹೋಗಿ, ರಬ್ಬರ್ ತಾಗಿತು ಎಂದು ಅನಿಸಿದ ಮೇಲೆ ಮುಕ್ಕಾಲು ಸುತ್ತು. ಅಷ್ಟೇ. ಪಾನ ಮುಟ್ಟುವ ಹಾಗಿಲ್ಲ. ಡೀಸೆಲನ್ನು ತಡೆಯುವುದು ರಬ್ಬರಿನ ಮೆತ್ತಗಿನ ಗುಣ, ನಮ್ಮ ತೋಳಿನ ಬಲವಲ್ಲ. ಹೆಚ್ಚು ಬಿಗಿದರೆ ರಬ್ಬರ್ ನಜ್ಜುಗುಜ್ಜಾಗಿ ಸೋರುವ ಸಾಧ್ಯತೆಯೇ ಹೆಚ್ಚು.

ಖಾಲಿ ಫಿಲ್ಟರಿನಲ್ಲಿ ಗಾಳಿ ತುಂಬಿರುತ್ತದೆ. ಡೀಸೆಲ್ ಎಂಜಿನ್ನಿಗೆ ಗಾಳಿ ಸಿಕ್ಕಿದರೆ ಅದು ಚಾಲೂ ಆಗುವುದಿಲ್ಲ. ಗಾಳಿ ಬಿಡುವ ತಿರುಪನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತ ಹೋದೆವು. ಮೊದಲು ಬರಿಯ ಗಾಳಿ, ಆಮೇಲೆ ನೊರೆ, ನೂರಕ್ಕೂ ಹೆಚ್ಚು ಸಲ ಒತ್ತಿದ ಮೇಲೆ ಗುಳ್ಳೆಯಿಲ್ಲದ ಡೀಸೆಲ್. ತಿರುಪು ಬಿಗಿದು, ಚಾವಿ ತಿರುಗಿಸಿದೆವು. ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸದೆ, ನಡುವೆ ಸ್ಟಾರ್ಟರಿಗೆ ವಿರಾಮ ಕೊಟ್ಟು ಮೂರನೆಯ ಪ್ರಯತ್ನ. ಎಂಜಿನ್ ನಡುಗಿ, ಕೆಮ್ಮಿ, ಬಿಳಿ ಹೊಗೆ ಬಿಟ್ಟು, ಹಿಡಿದುಕೊಂಡಿತು.

ಹೊರಡುವ ಮುನ್ನ ಇನ್ನೊಂದು ಅಪ್ಪಣೆ. ಅಡ್ಡಗಲ್ಲು, ಕೊಂಬೆ ಎರಡನ್ನೂ ರಸ್ತೆಯಿಂದ ತೆಗೆದಿಡಬೇಕು. ಕೆಟ್ಟ ಗಾಡಿ ಬಿಟ್ಟುಹೋದ ಕಲ್ಲಿಗೆ ಸಿಕ್ಕಿ ಬಿದ್ದ ದ್ವಿಚಕ್ರ ಸವಾರರನ್ನು ತಾತ ಕಂಡಿದ್ದರು. ಹಳೆಯ ಫಿಲ್ಟರು, ಎಣ್ಣೆಬಟ್ಟೆ, ಬಾಟಲಿಯ ನೀರು, ಎಲ್ಲವನ್ನೂ ಚೀಲಕ್ಕೆ ಹಾಕಿ ಗಾಡಿಯಲ್ಲೇ ಇಟ್ಟೆವು. ಕಾಡಿನಲ್ಲಿ ಎಸೆದರೆ ಬೆಂಕಿಗೂ ಕಾರಣ, ಪ್ರಾಣಿಗಳಿಗೂ ವಿಷ.

ಉಳಿದ ತಿರುವುಗಳನ್ನು ಅಜ್ಜಿ ಗಟ್ಟಿಯಾಗಿಯೇ ಎಣಿಸಿದರು. ಇಪ್ಪತ್ತೇಳು ಮುಗಿದಾಗ ದಿಂಬಂನ ಚಳಿಗಾಳಿ ಮುಖಕ್ಕೆ ಬಡಿಯಿತು. ಹಾಸನೂರಿನ ಬಳಿ ರಸ್ತೆಬದಿಯಲ್ಲಿ ಎರಡು ಆನೆಗಳು ನಿಂತಿದ್ದವು. ಹುಡುಗ ದೂರದಲ್ಲೇ ನಿಲ್ಲಿಸಿದ. ಎಂಜಿನ್ ಮಾತ್ರ ಆರಿಸಲಿಲ್ಲ. ಆರಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅವು ಒಳಗೆ ಸರಿದ ಮೇಲೆ ಮುಂದೆ ಸಾಗಿದೆವು. ಎಂಟು ಗಂಟೆಯ ಮದ್ದನ್ನು ದಾರಿಯಲ್ಲೇ, ಗಾಡಿ ನಿಲ್ಲಿಸಿ ಹಾಕಿದ್ದಾಯಿತು.

ಮನೆಯವರಿಗೆ ನಾಲ್ಕು ಮಾತು

ನಮ್ಮ ಧರ್ಮಕೇಂದ್ರದ ಅನೇಕ ಮನೆಗಳಲ್ಲಿ ಟ್ರ್ಯಾಕ್ಟರ್, ತರಕಾರಿ ಸಾಗಿಸುವ ಸಣ್ಣ ಗಾಡಿ, ಪಂಪ್‌ಸೆಟ್ ಇವೆ. ಎಲ್ಲಕ್ಕೂ ಡೀಸೆಲೇ ಆಹಾರ. ಡೀಸೆಲ್ ಪಂಪಿನೊಳಗಿನ ಭಾಗಗಳ ನಡುವಿನ ಅಂತರ ನಮ್ಮ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಆ ಭಾಗಗಳಿಗೆ ಜಾರುಗುಣ ಕೊಡುವುದು ಡೀಸೆಲೇ. ನೀರು ಹೊಕ್ಕರೆ ತುಕ್ಕು ಹಿಡಿದು ಪಂಪು ಕೆಡುತ್ತದೆ. ಫಿಲ್ಟರಿನ ಬೆಲೆಗೂ ಪಂಪಿನ ರಿಪೇರಿಯ ಬೆಲೆಗೂ ಹೋಲಿಕೆಯೇ ಇಲ್ಲ.

ಆದ್ದರಿಂದ ಗಾಡಿಯ ಕೈಪಿಡಿ ಹೇಳಿದ ಹೊತ್ತಿಗೆ ಫಿಲ್ಟರು ಬದಲಿಸಿ. ಆಗಾಗ ಬುಡದ ನೀರು ಬಿಡಿ, ಮಳೆಗಾಲದಲ್ಲಿ ಇನ್ನೂ ಹೆಚ್ಚಾಗಿ. ಡೀಸೆಲನ್ನು ಡ್ರಮ್ಮಿನಲ್ಲಿ ತಿಂಗಳುಗಟ್ಟಲೆ ಇಡಬೇಡಿ. ಟ್ಯಾಂಕನ್ನು ಅರೆಖಾಲಿ ಬಿಟ್ಟರೆ ಚಳಿಯ ರಾತ್ರಿ ಒಳಗಿನ ಗಾಳಿಯ ತೇವ ಹನಿಗಟ್ಟುತ್ತದೆ. ಸಾಧ್ಯವಾದರೆ ಸಂಜೆಯೇ ತುಂಬಿಸಿ. ಇತ್ತೀಚಿನ ಕಾಮನ್ ರೈಲ್ ಗಾಡಿಗಳಲ್ಲಿ ಮಾತ್ರ ನಮ್ಮ ಹಾಗೆ ಸಾಹಸ ಬೇಡ. ಅವುಗಳ ಕೊಳವೆಗಳಲ್ಲಿ ಸಾವಿರ ಬಾರ್ ಮೀರಿದ ಒತ್ತಡವಿರುತ್ತದೆ. ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಿ ಒಳಗೆ ಹೋಗಬಲ್ಲದು. ಆ ಕೆಲಸ ತಿಳಿದವರಿಗೇ ಬಿಡಿ.

ತಿಂಗಳು ಕಳೆದ ಮೇಲೆ ತಾತನ ಎರಡನೆಯ ಕಣ್ಣಿಗೆ ದಿನ ಗೊತ್ತಾಯಿತು. ಮತ್ತೆ ಅದೇ ಜೀಪು, ಅದೇ ಹುಡುಗ. ಹೊರಡುವ ಬೆಳಿಗ್ಗೆ ತಾತ ನೇರವಾಗಿ ಸೀಟು ಹತ್ತಲಿಲ್ಲ. ಬಾನೆಟ್ ತೆಗೆಸಿದರು. ವಾಸಿಯಾದ ಕಣ್ಣಿನಿಂದ ಆ ಫಿಲ್ಟರನ್ನು ಮೊದಲ ಸಲ ನೋಡಿದರು. ಎರಡು ಬೆರಳಿಂದ ಹಿಡಿದು ಸ್ವಲ್ಪ ಅಲುಗಿಸಿ, ಸುತ್ತ ಬೆರಳಾಡಿಸಿ ಸೋರಿದೆಯೇ ಎಂದು ಪರೀಕ್ಷಿಸಿದರು. ಬೆರಳು ಒಣಗಿತ್ತು.

"ಪಾನ ಮುಟ್ಸಿಲ್ಲ ತಾನೆ?" ಎಂದರು.

"ಇಲ್ಲ" ಎಂದೆವು.

"ಹಂಗಾರೆ ನಡೀರಿ" ಎಂದು ಸೀಟು ಹತ್ತಿದರು.